ಎಂಬತ್ತೇಳನೇ ನಂಬರಿನ ವಿಳಾಸ

ಲ್ಯಾಬ್‌ನಲ್ಲಿರುವ ಹೆಂಗಸಿನ ಮುಖ ಸಪ್ಪಗಿರುವ ದಿನವೇ ಕಂಪ್ಯೂಟರ್ ಕೈಕೊಡುತ್ತದೆ ಎಂದು ಫೌಂಡ್ರಿಯ ಮ್ಯಾನೇಜರ್ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ನೆಟ್‌ವರ್ಕ್ ರಿಪೇರಿಗೆ ಹೋಗುವವಳಿಗೆ ಜನ ಏನೇನೋ ಕಾರಣ ಹೇಳುತ್ತಾರೆ. ಅಮಾವಾಸ್ಯೆಯ ದಿನ ಇಂಟರ್‌ನೆಟ್ ನಿಧಾನ ಎಂದವರಿದ್ದಾರೆ. ಆಯುಧಪೂಜೆಗೆ ವೈಫೈ ಡಬ್ಬಿಯ ಗಾಳಿ ತೂತುಗಳಿಗೆಲ್ಲ ಗಂಧ ಮೆತ್ತಿ, ಅದು ಕಾದು ಕೆಟ್ಟ ಮೇಲೆ ದೃಷ್ಟಿ ತಾಗಿತು ಎಂದವರೂ ಇದ್ದಾರೆ. ಆದರೆ ಕಂಪ್ಯೂಟರ್ ಮನುಷ್ಯರ ಮುಖ ನೋಡಿ ಕೆಲಸ ಮಾಡುತ್ತದೆ ಎಂದವರಲ್ಲಿ ಇವರೇ ಮೊದಲು. ನಾಳೆ ಬಂದು ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಅಂಗಡಿಯಲ್ಲಿ ಅಂದು ಸಂಜೆಯವರೆಗೂ ಅದೇ ತಮಾಷೆ ನಡೆಯಿತು.

ಮಾಚೇನಹಳ್ಳಿಯ ಆ ಫೌಂಡ್ರಿ ದೊಡ್ಡದೇನಲ್ಲ. ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗ ಎರಕ ಹೊಯ್ಯುತ್ತಾರೆ. ಒಂದು ಕಡೆ ಫರ್ನೇಸ್, ಅಂಗಳದ ಈಚೆ ಕಡೆ ಆಫೀಸು, ಅದಕ್ಕೆ ಅಂಟಿಕೊಂಡು ಲ್ಯಾಬ್. ಒಂದು ಸಲ ಕಬ್ಬಿಣ ಕರಗಿಸುವುದಕ್ಕೆ ಅವರ ಮಾತಿನಲ್ಲಿ ಒಂದು ಹೀಟ್. ಕರಗಿದ ಕಬ್ಬಿಣದಿಂದ ಒಂದು ಸೌಟು ತೆಗೆದು ಬಿಲ್ಲೆಯಂಥ ಸ್ಯಾಂಪಲ್ ಮಾಡುತ್ತಾರೆ. ಅದನ್ನು ಉಜ್ಜಿ ನುಣುಪು ಮಾಡಿ ಲ್ಯಾಬ್‌ನ ಯಂತ್ರದ ಬಾಯಿಗಿಟ್ಟರೆ, ಯಂತ್ರ ಕಿಡಿ ಹಾರಿಸಿ, ಇದರಲ್ಲಿ ಕಾರ್ಬನ್ ಎಷ್ಟಿದೆ, ಸಿಲಿಕಾನ್ ಎಷ್ಟಿದೆ ಎಂದು ಹೇಳುತ್ತದೆ. ಆ ರಿಸಲ್ಟು ಲ್ಯಾಬ್‌ನ ಕಂಪ್ಯೂಟರಿನಿಂದ ಫರ್ನೇಸ್ ಪಕ್ಕದ ಪರದೆಗೆ ಹೋಗಬೇಕು. ಅದನ್ನು ನೋಡಿ, ಕಡಿಮೆ ಬಿದ್ದದ್ದನ್ನು ಸೇರಿಸಿ, ಆಮೇಲೆ ಎರಕ ಹೊಯ್ಯುತ್ತಾರೆ.

ಕೆಲವು ತಿಂಗಳಿಂದ, ಕೆಲವು ದಿನ ಬೆಳಗ್ಗೆ ಮಾತ್ರ, ಹೊಸ ರಿಸಲ್ಟು ಪರದೆಗೆ ಹೋಗುತ್ತಿರಲಿಲ್ಲ. ಪರದೆ ಖಾಲಿಯಾಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಆದರೆ ಅದು ಹಿಂದಿನ ಹೀಟಿನ ಲೆಕ್ಕವನ್ನೇ ತೋರಿಸುತ್ತ ನಿಲ್ಲುತ್ತಿತ್ತು. ಒಂದು ದಿನ ಫರ್ನೇಸ್‌ನವರು ಹಳೆಯ ಲೆಕ್ಕವನ್ನೇ ಹೊಸದು ಎಂದು ತಿಳಿದು ಹೊಯ್ದುಬಿಟ್ಟರು. ಆ ಹೀಟಿನ ಮಾಲೆಲ್ಲ ವಾಪಸ್ ಬಂತು. ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ಲ್ಯಾಬ್‌ನ ಹೆಂಗಸಿನ ಮೇಲೆ. ಆಕೆ ಕಳಿಸಿದ್ದೇನೆ ಎನ್ನುತ್ತಾಳೆ. ಇವರು ಬಂದಿಲ್ಲ ಎನ್ನುತ್ತಾರೆ.

ಮ್ಯಾನೇಜರ್ ಐವತ್ತು ದಾಟಿದವರು, ಭದ್ರಾವತಿಯವರು, ಕೆಟ್ಟವರಲ್ಲ. ಆಕೆಯ ಗಂಡ ಇದೇ ಫರ್ನೇಸಿನ ಮೇಸ್ತ್ರಿಯಾಗಿದ್ದನಂತೆ. ಮನೆಯಲ್ಲಿ ಎದೆನೋವು ಬಂದು ತೀರಿಕೊಂಡ. ಹೆಂಡತಿ ಪಿಯುಸಿ ವಿಜ್ಞಾನ ಓದಿದ್ದಳು ಎಂದು ಲ್ಯಾಬ್‌ಗೆ ತೆಗೆದುಕೊಂಡಿದ್ದರು. ಮೊದಲು ಚೆನ್ನಾಗಿಯೇ ಮಾಡುತ್ತಿದ್ದಳು, ಈಗೀಗ ಮನಸ್ಸು ಕೆಲಸದ ಮೇಲಿಲ್ಲ ಎಂದು ಅವರ ದೂರು.

"ಬೆಳಗ್ಗೆ ಬರುವಾಗಲೇ ಮುಖ ನೋಡಿ ಹೇಳ್ಬಿಡ್ತೀನಿ ಮೇಡಂ, ಇವತ್ತು ರಿಸಲ್ಟ್ ಬರಲ್ಲ ಅಂತ. ಕೇಳಿದ್ರೆ ಕಂಪ್ಯೂಟರ್ ಸರಿ ಇಲ್ಲ ಅಂತಾಳೆ. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನೀವೊಂದ್ಸಲ ನೋಡಿ, ನೆಲ ಡೊಂಕಿಲ್ಲ ಅಂತ ಹೇಳ್ಬಿಡಿ. ತಿಂಗಳ ಕೊನೆಗೆ ಬೇರೆಯವರನ್ನ ನೋಡ್ಕೋತೀವಿ."

ಅಂದರೆ ನನ್ನನ್ನು ಕರೆಸಿದ್ದು ರಿಪೇರಿಗಲ್ಲ, ಸಾಕ್ಷಿಗೆ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಮಾತು ಕಡಿಮೆ ಮಾಡಿ ಕೇಬಲ್ ಎಳೆಯಲು ಶುರು ಮಾಡುತ್ತೇನೆ.

ಲ್ಯಾಬ್‌ನ ಕಿಟಕಿಯಿಂದ ನೇರವಾಗಿ ಫರ್ನೇಸ್ ಕಾಣುತ್ತದೆ. ಆಕೆ ನಲವತ್ತರ ಆಸುಪಾಸಿನವಳು, ನೀಲಿ ಏಪ್ರನ್, ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ. ನನ್ನನ್ನು ನೋಡಿ ಎದ್ದು ನಿಂತಳು. ನಾನು ಹೋದದ್ದು ಮಧ್ಯಾಹ್ನ. ಎಲ್ಲವೂ ಸರಿಯಾಗಿತ್ತು. ಸ್ಯಾಂಪಲ್ ಇಟ್ಟಳು, ಕಿಡಿ ಹಾರಿತು, ರಿಸಲ್ಟು ಕಳಿಸಿದಳು, ಕಿಟಕಿಯಾಚೆ ಪರದೆಯಲ್ಲಿ ಅಂಕಿ ಬದಲಾಯಿತು. ಬೆಳಗ್ಗೆ ಕೆಟ್ಟರೂ ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂದಳು. ಬೆಳಗ್ಗೆ ಎಷ್ಟು ಸಲ ಆಫ್ ಆನ್ ಮಾಡಿದರೂ ಆಗುವುದಿಲ್ಲವಂತೆ.

ಫೌಂಡ್ರಿ ಎಂದರೆ ಧೂಳು, ಅದೂ ಕಬ್ಬಿಣದ ಧೂಳು. ನನ್ನ ಮೊದಲ ಅನುಮಾನ ಅದರ ಮೇಲೆಯೇ. ಕೇಬಲುಗಳನ್ನು ಜೋಡಿಸುವ ಸ್ವಿಚ್ಚು ಬಿಚ್ಚಿ ಬ್ರಷ್ ಹಾಕಿ ಒರೆಸಿದೆ, ಲ್ಯಾಬ್‌ನಿಂದ ಆಫೀಸಿಗೆ ಬರುವ ಕೇಬಲಿನ ಎರಡೂ ತುದಿ ಕತ್ತರಿಸಿ ಹೊಸ ಪಿನ್ ಹೊಡೆದೆ. ಬೆಳಗಿನ ತಂಪಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುವ ಹಳೆಯ ಪಿನ್ನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಫೌಂಡ್ರಿಯ ಎಲೆಕ್ಟ್ರಿಷಿಯನ್ ಏಣಿ ಹಿಡಿದುಕೊಂಡಿದ್ದರು. ನರೆತ ಗಡ್ಡದ ಹಿರಿಯರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು, ಅವರು ಲ್ಯಾಬ್‌ನ ಹೆಂಗಸನ್ನು ತಂಗಿ ಎನ್ನುತ್ತಿದ್ದರು. ಅಲ್ಲಿನ ನೆಟ್‌ವರ್ಕನ್ನು ಯಾರ ಹತ್ತಿರವೋ ಕೇಳಿ ಕಲಿತು ಎಳೆದಿದ್ದವರು ಅವರೇ.

ಹೊರಡುವಾಗ ಆಕೆ ಗೇಟಿನ ತನಕ ಜೊತೆಯಲ್ಲಿ ಬಂದಳು.

"ಕೆಲ್ಸ ಹೋದ್ರೆ ಎಲ್ಲಾದ್ರೂ ಹುಡುಕ್ಕೋತೀನಿ ಮೇಡಂ, ಹೊಳೆಹೊನ್ನೂರಲ್ಲಿ ಅಣ್ಣನ ಅಂಗಡಿ ಇದೆ. ಆದ್ರೆ ನಮ್ಮನೆಯವರು ನಿಂತಿದ್ದ ಅಷ್ಟು ವರ್ಷದಲ್ಲಿ ಒಂದು ಹೀಟ್ ಕೆಟ್ಟಿಲ್ಲ. ಅವರ ಹೆಂಡ್ತಿ ಕೆಡಿಸಿದ್ಲು ಅನ್ನೋ ಮಾತು ಇಲ್ಲಿ ಉಳೀಬಾರ್ದು. ನಾನು ಕಳ್ಸಿದ್ದು ನಿಜ."

ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಸ್ಕೂಟರ್ ಹತ್ತಿದೆ. ಪಿನ್ ಬದಲಿಸಿದ್ದೇ ಮದ್ದಾಗಲಿ ಎಂದು ದಾರಿಯುದ್ದಕ್ಕೂ ಹಾರೈಸಿದೆ.

ಮದ್ದಾಗಲಿಲ್ಲ. ಆ ವಾರವೇ ಮತ್ತೆ ಒಂದು ಬೆಳಗ್ಗೆ ರಿಸಲ್ಟು ನಿಂತಿತು. ನಾನು ಧಾವಿಸಿ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿ ಎಲ್ಲ ಸರಿಹೋಗಿತ್ತು. ಹೋದ ಪುಟ್ಟ ಬಂದ ಪುಟ್ಟ. ಸ್ವಿಚ್ಚನ್ನೇ ಬದಲಿಸಿದೆ. ಆಮೇಲೆ ಎರಡು ದಿನ ಚೆನ್ನಾಗಿ ನಡೆದು ಮತ್ತೆ ಕೆಟ್ಟಿತು. ಮ್ಯಾನೇಜರ್ ಈಗ ಫೋನಿನಲ್ಲಿ ನಗುತ್ತಿರಲಿಲ್ಲ. ತಿಂಗಳ ಕೊನೆ ಹತ್ತಿರ ಬಂತು ಮೇಡಂ, ಹೊಸಬರಿಗೆ ಹೇಳಿಬಿಟ್ಟಿದ್ದೇನೆ ಎಂದರು. ನಾನು ನಾಳೆಯಿಂದ ಬೆಳಗ್ಗೆಯೇ ಬಂದು ಕೂರುತ್ತೇನೆ, ಕೆಡುವಾಗಲೇ ಹಿಡಿಯಬೇಕು ಎಂದೆ.

ಮೊದಲ ಬೆಳಗ್ಗೆ ಏನೂ ಆಗಲಿಲ್ಲ. ಆಕೆ ಅಂದು ಮಗಳ ಕಾಲೇಜಿನ ವಿಷಯ ಹೇಳಿ ನಕ್ಕಿದ್ದಳು ಕೂಡ. ಮರುದಿನ ಶೆಡ್ಡಿನ ನೆರಳಲ್ಲಿ ಕಾಯುತ್ತಿದ್ದೆ. ಭದ್ರಾವತಿ ಕಡೆಯ ಬಸ್ಸಿನಿಂದ ಇಳಿದು ಬರುತ್ತಿದ್ದವಳನ್ನು ದೂರದಿಂದಲೇ ನೋಡಿದೆ. ಕಣ್ಣಿನ ಕೆಳಗೆ ಊದಿತ್ತು, ಟಿಫಿನ್ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಮ್ಯಾನೇಜರರ ಮಾತು ನೆನಪಾಗಿ ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಆಕೆ ಕಂಪ್ಯೂಟರ್ ಆನ್ ಮಾಡಿದಳು. ಮೊದಲ ಹೀಟಿನ ಸ್ಯಾಂಪಲ್ ಬಂತು. ಪ್ರೋಗ್ರಾಂ ರಿಸಲ್ಟು ಸೇವ್ ಆಯಿತು ಎಂದು ತೋರಿಸಿತು. ಕಿಟಕಿಯಾಚೆಯ ಪರದೆಯಲ್ಲಿ ನಿನ್ನೆಯ ಅಂಕಿಗಳೇ ನಿಂತಿದ್ದವು.

ಚೀಟಿಯಲ್ಲಿ ಬರೆದು ಫರ್ನೇಸಿಗೆ ಕಳಿಸಿ ಎಂದು ಹೇಳಿ, ನಾನು ಆಕೆಯ ಕುರ್ಚಿಯಲ್ಲಿ ಕೂತೆ. ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಏನೆಂದು ತೆಗೆದು ನೋಡಿದೆ. ನೂರ ಅರವತ್ತೊಂಬತ್ತು, ಇನ್ನೂರ ಐವತ್ತನಾಲ್ಕು ಎಂದು ಶುರುವಾಗುವ ವಿಳಾಸ ಬಂತು. ಅದನ್ನು ನೋಡಿದ ಕೂಡಲೇ ನನಗೆ ಅರ್ಧ ವಿಷಯ ತಿಳಿಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಟ್‌ವರ್ಕಿನಲ್ಲಿರುವ ಪ್ರತಿ ಕಂಪ್ಯೂಟರಿಗೂ, ಫೋನಿಗೂ ಒಂದು ವಿಳಾಸ ಬೇಕು. ವಿಳಾಸವೆಂದರೆ ಅಂಕಿಗಳ ಸಾಲು. ಒಂದೇ ಕಟ್ಟಡದೊಳಗೆ ಸಾಮಾನ್ಯವಾಗಿ ಕೊನೆಯ ನಂಬರು ಮಾತ್ರ ಬೇರೆ. ಅದು ಸಿಗುವ ದಾರಿ ಎರಡು. ರೂಟರ್ ಎಂಬ ಡಬ್ಬಿಯನ್ನು ಕೇಳಿದರೆ ಅದು ಖಾಲಿಯಿರುವ ಒಂದನ್ನು ಕೊಡುತ್ತದೆ. ಇಲ್ಲವೇ ಮನುಷ್ಯರು ಕೈಯಾರೆ ನಂಬರು ಬರೆದು ಕೂರಿಸಬಹುದು. ಹಾಗೆ ಬರೆದುಕೊಟ್ಟಿದ್ದರೂ ಈ ಕಂಪ್ಯೂಟರುಗಳಿಗೆ ಒಂದು ಮರ್ಯಾದೆ ಇದೆ. ಎದ್ದ ಕೂಡಲೇ, ಈ ನಂಬರಿನವರು ಇಲ್ಲಿ ಯಾರಾದರೂ ಇದ್ದೀರಾ ಎಂದು ಒಂದು ಸಲ ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ಯಾರೂ ಮಾತಾಡದಿದ್ದರೆ ಆ ನಂಬರು ತಮ್ಮದು. ನಾನಿದ್ದೇನೆ ಎಂದು ಯಾರಾದರೂ ಹೇಳಿದರೆ, ಟವೆಲ್ ಹಾಕಿದ ಬಸ್ ಸೀಟು ಕಂಡ ಸಂಕೋಚದವರ ಹಾಗೆ ಹಿಂದೆ ಸರಿದು, ತಾವೇ ಒಂದು ವಿಳಾಸ ಆರಿಸಿಕೊಳ್ಳುತ್ತವೆ. ನೂರ ಅರವತ್ತೊಂಬತ್ತರಿಂದ ಶುರುವಾಗುವುದು ಅಂಥ ವಿಳಾಸ. ಅದನ್ನಿಟ್ಟುಕೊಂಡ ಕಂಪ್ಯೂಟರಿನ ಮಾತು ಅಲ್ಲಿ ಬೇರೆ ಯಾರಿಗೂ ತಲುಪುವುದಿಲ್ಲ. ಆದರೆ ಎದುರಿಗೆ ಕೂತವರಿಗೆ ಎಲ್ಲ ಸರಿಯಿರುವಂತೆಯೇ ಕಾಣುತ್ತದೆ.

ಆಕೆ ಕಳಿಸಿದ್ದು ನಿಜ. ಅಲ್ಲಿಗೆ ಹೋಗದಿದ್ದದ್ದೂ ನಿಜ.

ಇನ್ನು ಉಳಿದದ್ದು, ನಾನಿದ್ದೇನೆ ಎಂದವರು ಯಾರು ಎನ್ನುವುದು. ಕಂಪ್ಯೂಟರಿಗೆ ಕೈಯಾರೆ ಬರೆದುಕೊಟ್ಟ ನಂಬರು ಎಂಬತ್ತೇಳು. ಆ ಕಂಪ್ಯೂಟರಿನ ಡಬ್ಬಿಯ ಮೇಲೂ ಬಿಳಿ ಸ್ಟಿಕರಿನಲ್ಲಿ ದೊಡ್ಡದಾಗಿ ೮೭ ಎಂದು ಅಂಟಿಸಿದ್ದರು. ಎಲ್ಲದರ ಮೇಲೂ ಕಪ್ಪು ಧೂಳಿದ್ದ ಆ ಕೋಣೆಯಲ್ಲಿ ಆ ಸ್ಟಿಕರ್ ಒಂದೇ ಒರೆಸಿ ಒರೆಸಿ ಬೆಳ್ಳಗಿತ್ತು. ನನ್ನ ಲ್ಯಾಪ್‌ಟಾಪನ್ನು ಅದೇ ನೆಟ್‌ವರ್ಕಿಗೆ ಜೋಡಿಸಿ ಎಂಬತ್ತೇಳನ್ನು ಪಿಂಗ್ ಮಾಡಿದೆ. ಪಿಂಗ್ ಎಂದರೆ, ಇದ್ದೀಯಾ ಎಂದು ಕೇಳುವುದು, ಅಷ್ಟೇ. ಇದ್ದೇನೆ, ಇದ್ದೇನೆ ಎಂದು ಸಾಲಾಗಿ ಉತ್ತರ ಬಂತು.

ರೂಟರ್ ಮೇಲೆ ಅನುಮಾನಪಟ್ಟೆ. ಕೆಲಸಗಾರರ ಫೋನುಗಳಿಗೆ ಅದು ಎಂಬತ್ತೇಳನ್ನೇ ಹಂಚುತ್ತಿದೆಯೇನೋ ಎಂದು ತೆಗೆದು ನೋಡಿದರೆ ಹಾಗೇನಿಲ್ಲ. ಅದಕ್ಕೆ ಇನ್ನೂರರಿಂದ ಮೇಲಿನವನ್ನು ಮಾತ್ರ ಹಂಚಲು ಭಾಯ್ ಕಟ್ಟು ಹಾಕಿಟ್ಟಿದ್ದರು. ರೂಟರ್ ಕೊಟ್ಟ ನಂಬರುಗಳ ಪಟ್ಟಿಯಲ್ಲಿ ಎಂಬತ್ತೇಳು ಇರಲೇ ಇಲ್ಲ. ಲ್ಯಾಬ್ ಕಂಪ್ಯೂಟರಿನ ದಾಖಲೆಯಲ್ಲಿ ಹುಡುಕಿದಾಗ, ಅದನ್ನು ಹಿಂದೆ ಸರಿಸಿದ ಯಂತ್ರಕ್ಕೆ ಕಾರ್ಖಾನೆಯಲ್ಲೇ ಹಾಕಿದ್ದ ಅಂಕಿ ಅಕ್ಷರಗಳ ಗುರುತು ಸಿಕ್ಕಿತು. ಕೆಟ್ಟ ದಿನಗಳಲ್ಲೆಲ್ಲ ಅದೇ ಒಂದು ಗುರುತು. ಅದರ ಮೊದಲ ಅಕ್ಷರಗಳಿಂದ ತಯಾರಕರು ಯಾರೆಂದು ತಿಳಿಯಿತು. ಅದೊಂದು ಮೊಬೈಲ್ ಫೋನ್, ಹಳೆಯ ಕಾಲದ್ದು.

ರೂಟರನ್ನು ಕೇಳದೆ, ಕೈಯಾರೆ ಬರೆದ ನಂಬರು ಇಟ್ಟುಕೊಂಡ ಫೋನು. ಫೋನಿಗೆ ಹಾಗೆ ಯಾರೂ ಬರೆಯುವುದಿಲ್ಲ. ಭಾಯ್ ಅವರನ್ನು ಆಫೀಸಿನ ಹಿಂದೆ ಕರೆದು, ಈ ನಂಬರುಗಳನ್ನೆಲ್ಲ ಯಾವ ಲೆಕ್ಕದಲ್ಲಿ ಕೊಟ್ಟಿದ್ದೀರಿ ಎಂದು ಕೇಳಿದೆ. ನನ್ನ ಪ್ರಶ್ನೆ ಅವರಿಗೆ ವಿಚಿತ್ರವಾಗಿ ಕೇಳಿಸಿತು. ಟೋಕನ್ ನಂಬರು, ಮತ್ತೇನು ಎಂದರು.

ಭದ್ರಾವತಿ ಕಡೆಯ ಹಳೆಯ ಕೆಲಸಗಾರರಲ್ಲಿ ಟೋಕನ್ ನಂಬರು, ಎಂದರೆ ಕೆಲಸಕ್ಕೆ ಸೇರುವಾಗ ಹಾಜರಿಗೆಂದು ಕೊಡುವ ನಂಬರು, ಹೆಸರಿಗಿಂತ ದೊಡ್ಡದು. ಯಾರ ಕಂಪ್ಯೂಟರೋ ಅವರ ಟೋಕನ್ ನಂಬರು ಅದಕ್ಕೆ. ಆಫೀಸಿನ ಪ್ರಿಂಟರಿಗೆ ಕ್ಲರ್ಕಿನದು, ಫರ್ನೇಸಿನ ಪರದೆಗೆ ಈಗಿನ ಮೇಸ್ತ್ರಿಯದು. ಪಟ್ಟಿ ಬರೆದಿಡುವ ಅಗತ್ಯವೇ ಇಲ್ಲ, ಎಲ್ಲರಿಗೂ ಬಾಯಿಪಾಠ. ಇನ್ನೊಂದು ಕಟ್ಟುಪಾಡನ್ನೂ ಭಾಯ್ ಹೇಳಿದರು. ನಿವೃತ್ತಿಗೆ ಮೊದಲೇ ತೀರಿಕೊಂಡವರ ಟೋಕನ್ ನಂಬರನ್ನು ಆ ಫೌಂಡ್ರಿಯಲ್ಲಿ ಮತ್ತೆ ಯಾರಿಗೂ ಕೊಡುವುದಿಲ್ಲ. ಹೆಂಡತಿ ಮಕ್ಕಳು ಕೆಲಸಕ್ಕೆ ಸೇರಿದರೂ ಅವರಿಗೆ ಹೊಸ ನಂಬರೇ. ಸತ್ತವರ ನಂಬರು ಅವರ ಜೊತೆಗೆ ಹೋಯಿತು ಎಂದು ಲೆಕ್ಕ.

ಎಂಬತ್ತೇಳು ಆಕೆಯ ಗಂಡನ ನಂಬರು.

"ತಂಗಿಗೆ ಆ ಟೋಕನ್ ಕೊಡಂಗಿಲ್ಲ ಮೇಡಂ. ಅವಳು ಸೇರ್ಕೊಂಡಾಗ ಲ್ಯಾಬ್‌ಗೆ ಹೊಸ ಕಂಪ್ಯೂಟರ್ ಬಂತು. ಮೇಸ್ತ್ರಿ ನಂಬರ್ ಸುಮ್ನೆ ಬಿದ್ದೈತಲ್ಲ, ಇದಕ್ಕಾದ್ರೂ ಇರ್ಲಿ, ದಿನಾ ಅದರ ಮುಂದೆ ಕೂತಿರ್ತಾಳೆ ಅಂತ ಹಾಕ್ದೆ. ಒಳ್ಳೇದಕ್ಕೇ ಮಾಡಿದ್ದು."

ಫೋನಿಗೆ ಯಾರಿಗಾದರೂ ಹೀಗೆ ನಂಬರು ಬರೆದುಕೊಟ್ಟಿದ್ದಿರಾ ಎಂದು ಕೇಳಿದೆ. ಯಾರಿಗೂ ಇಲ್ಲ ಎಂದು ತಲೆಯಾಡಿಸಲು ಹೊರಟವರು ಅರ್ಧಕ್ಕೆ ನಿಂತರು. ಫರ್ನೇಸಿನ ಪರದೆ ಇನ್ನೂ ಬಂದಿರದ ಕಾಲದಲ್ಲಿ, ರಿಸಲ್ಟನ್ನು ಫರ್ನೇಸ್ ಹತ್ತಿರ ನಿಂತು ಫೋನಿನಲ್ಲೇ ನೋಡಬೇಕು ಎಂದು ಮೇಸ್ತ್ರಿ ಹಠ ಹಿಡಿದಿದ್ದನಂತೆ. ಅವನೊಬ್ಬನಿಗೆ ಮಾತ್ರ, ಅವನ ಫೋನಿನಲ್ಲಿ, ಈ ಫೌಂಡ್ರಿಯ ವೈಫೈಗೆಂದು ಭಾಯ್ ಎಂಬತ್ತೇಳನ್ನು ಬರೆದುಕೊಟ್ಟಿದ್ದರು. ಅವನು ಹೋದ ಮೇಲೆ ಆ ಫೋನೂ ಹೋಯಿತು ಎಂದುಕೊಂಡಿದ್ದರು. ಫೋನುಗಳು ಹಾಗೆ ಹೋಗುವುದಿಲ್ಲ. ಬರೆದುಕೊಟ್ಟದ್ದನ್ನು ಇಟ್ಟುಕೊಂಡೇ ಇರುತ್ತವೆ. ಆ ಕಾಲದ ಫೋನಿಗೆ ಕಂಪ್ಯೂಟರಿನಷ್ಟು ಸಂಕೋಚವೂ ಇಲ್ಲ. ಯಾರನ್ನೂ ಕೇಳದೆ ತನ್ನ ಜಾಗದಲ್ಲಿ ಬಂದು ಕೂರುತ್ತದೆ.

"ಆ ಫೋನು ಈಗ ಎಲ್ಲಿದೆ ಭಾಯ್?"

ಅವರು ಲ್ಯಾಬ್ ಕಡೆ ನೋಡಿದರು. ಆಮೇಲೆ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಪದ್ಧತಿಯ ಪ್ರಕಾರ ನಾನು ಮೊದಲು ಮ್ಯಾನೇಜರರಿಗೆ ಹೇಳಬೇಕಿತ್ತು. ಕರೆಸಿದವರು ಅವರು. ಆದರೆ ಅವರ ಕೋಣೆಯ ಬಾಗಿಲಿನವರೆಗೆ ಹೋಗಿ ತಿರುಗಿ ಬಂದೆ. ಈಗ ಹೇಳಿದರೆ ಆ ಮಾತು, ಅವಳ ಫೋನಿನಿಂದಲೇ ಕೆಟ್ಟದ್ದಂತೆ ಎಂದು ಶೆಡ್ ತುಂಬ ಓಡಾಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಂಥದ್ದನ್ನು ಬೇರೆಯವರ ಬಾಯಿಂದ ಆಕೆ ಕೇಳಬಾರದು ಎನಿಸಿತು.

ಲ್ಯಾಬ್‌ನಲ್ಲಿ ಆಕೆ ಒಬ್ಬಳೇ ಸ್ಯಾಂಪಲ್ ಉಜ್ಜುತ್ತಿದ್ದಳು. ನಿಮ್ಮ ಹತ್ತಿರ ಎರಡು ಫೋನ್ ಇದೆಯಾ ಎಂದು ಕೇಳಿದೆ. ಆಕೆಯ ಕೈ ನಿಂತಿತು. ಕದ್ದು ಸಿಕ್ಕಿಬಿದ್ದವಳ ಹಾಗೆ ನೋಡಿದಳು. ಆಮೇಲೆ ಟಿಫಿನ್ ಚೀಲದ ತಳದಿಂದ, ಗಂಡಸರ ಚೌಕಳಿ ಕರವಸ್ತ್ರದಲ್ಲಿ ಸುತ್ತಿದ್ದ ಫೋನ್ ತೆಗೆದಳು. ಗಾಜು ಮೂಲೆಯಲ್ಲಿ ಒಡೆದಿತ್ತು, ಸಿಮ್ ಇರಲಿಲ್ಲ. ಅದರಲ್ಲಿ ಅವನ ಧ್ವನಿಯಿತ್ತು. ತರಕಾರಿ ಏನು ತರಲಿ, ಬಸ್ಸು ತಪ್ಪಿತು, ಮಗಳಿಗೆ ಫೋನ್ ಕೊಡು ಎಂಬಂಥ ಸಣ್ಣ ಸಣ್ಣ ಮಾತುಗಳು.

ವರ್ಷದ ಕಾರ್ಯ ಮುಗಿದ ಮೇಲೆ, ಇನ್ನು ಅಳಬಾರದು, ಹೋದವರಿಗೆ ಒಳ್ಳೆಯದಲ್ಲ ಎಂದು ಮನೆಯ ಹಿರಿಯರು ಹೇಳಿದ್ದರಂತೆ. ಆಕೆ ಮನೆಯಲ್ಲಿ ಅಳುವುದು ಬಿಟ್ಟಳು. ಬೀರುವಿನಲ್ಲಿದ್ದ ಫೋನನ್ನು ತೆಗೆದು ಚಾರ್ಜ್ ಮಾಡಿದ್ದು ಆಗ. ತೀರಾ ತಡೆಯಲಾಗದ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದಳು. ಕೇಳುವುದಕ್ಕೂ ಅಲ್ಲ, ಜೊತೆಗಿರಲಿ ಎಂದು. ಬ್ಯಾಟರಿ ಹಳೆಯದು, ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಆರಿಹೋಗುತ್ತಿತ್ತು.

ಮ್ಯಾನೇಜರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆಕೆಯ ಮುಖ ಸಪ್ಪಗಿದ್ದ ದಿನವೇ ಕಂಪ್ಯೂಟರ್ ಕೈಕೊಡುತ್ತಿತ್ತು. ಆ ಮಾತಿಗೆ ನಕ್ಕಿದ್ದೆ ನಾನು.

ಆಕೆಗೆ ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಕಂಪ್ಯೂಟರ್ ಎದ್ದ ಕೂಡಲೇ ಎಂಬತ್ತೇಳು ಯಾರಾದರೂ ಇದ್ದೀರಾ ಎಂದು ಕರೆಯುತ್ತದೆ, ಈ ಫೋನು ನಾನಿದ್ದೇನೆ ಎನ್ನುತ್ತದೆ, ಅದಕ್ಕೇ ಕಂಪ್ಯೂಟರ್ ಆ ನಂಬರು ಬಿಟ್ಟು ಹಿಂದೆ ಸರಿಯುತ್ತದೆ ಎಂದೆ. ನಿಮ್ಮ ತಪ್ಪು ಏನೂ ಇಲ್ಲ, ಒಂದೇ ನಂಬರನ್ನು ಎರಡು ಕಡೆ ಬರೆದದ್ದರಿಂದ ಆದದ್ದು ಎಂದೂ ಹೇಳಿದೆ. ತಪ್ಪಿನ ಮಾತು ಆಕೆಗೆ ಕೇಳಿಸಲೇ ಇಲ್ಲ ಎಂದು ಕಾಣುತ್ತದೆ. ಫೋನನ್ನು ಕರವಸ್ತ್ರದ ಮೇಲಿಟ್ಟಳು.

"ಮನೇಲಿ ಎಷ್ಟು ಸಲ ಕರೆದಿದೀನಿ ಮೇಡಂ," ಎಂದಳು. "ಒಂದ್ಸಲಾನೂ ಓಗೊಡಲಿಲ್ಲ. ಇಲ್ಲಿ ಕಂಪ್ಯೂಟರ್ ಕರೆದ್ರೆ ಓಗೊಟ್ಟಿದಾರೆ."

ಅದು ಅವರಲ್ಲ, ಫೋನು ಎಂದು ತಿದ್ದುವುದು ನನ್ನ ಕೆಲಸವಾಗಿತ್ತು. ನಾನು ತಿದ್ದಲಿಲ್ಲ. ಆಕೆ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡು, ಶಬ್ದ ಬಾರದ ಹಾಗೆ ಅತ್ತಳು. ಅಷ್ಟು ಚೆನ್ನಾಗಿ ಶಬ್ದ ಅಡಗಿಸುವುದನ್ನು ಮನೆಯಲ್ಲಿ ಕಲಿತಿರಬೇಕು. ನಾನೂ ಅತ್ತೆ. ಕಿಟಕಿಯಾಚೆ ಎರಡನೇ ಹೀಟಿಗೆ ಕಬ್ಬಿಣ ಸುರಿಯುತ್ತಿದ್ದ ಸದ್ದು ಬರುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಆಕೆ ಮುಖ ಒರೆಸಿಕೊಂಡು, ಇದನ್ನು ಇನ್ನು ತರುವುದಿಲ್ಲ, ಏನು ಅಳಿಸಬೇಕೋ ಅಳಿಸಿ ಎಂದು ಫೋನನ್ನು ನನ್ನ ಕಡೆ ಸರಿಸಿದಳು. ನಮ್ಮ ಕಸುಬಿನಲ್ಲಿ ಇಂಥ ಹೊತ್ತಿಗೆ ಏನು ಮಾಡಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಯಂತ್ರದ ವಿಳಾಸವನ್ನು ಅಲುಗಿಸಬಾರದು, ಫೋನಿನದನ್ನು ಬದಲಿಸಬೇಕು. ಫೋನು ರೂಟರನ್ನು ಕೇಳಿ ಯಾವುದೋ ಒಂದನ್ನು ಪಡೆದುಕೊಳ್ಳುತ್ತದೆ, ಅದಕ್ಕೇನು ನಷ್ಟ. ಒಂದು ನಿಮಿಷದ ಕೆಲಸ. ಸೆಟ್ಟಿಂಗ್ ತೆರೆದೆ. ಬದುಕಿದ್ದವನೊಬ್ಬನಿಗೆ ಅವನ ಗೆಳೆಯ ಬರೆದುಕೊಟ್ಟ ಎಂಬತ್ತೇಳು ಅಲ್ಲಿತ್ತು. ನನ್ನ ಬೆರಳು ಮುಂದೆ ಹೋಗಲಿಲ್ಲ. ಹಾಗೆಯೇ ಮುಚ್ಚಿ ಫೋನನ್ನು ವಾಪಸ್ ಕೊಟ್ಟೆ.

"ನಿಮ್ಮ ಟೋಕನ್ ನಂಬರ್ ಎಷ್ಟು?"

"ನಂದಾ? ನೂರ ನಲವತ್ತಾರು."

ಲ್ಯಾಬ್ ಕಂಪ್ಯೂಟರಿಗೆ ನೂರ ನಲವತ್ತಾರು ಬರೆದೆ. ಫರ್ನೇಸಿನ ಕಂಪ್ಯೂಟರಿಗೂ ಹೋಗಿ, ಇನ್ನು ಮುಂದೆ ರಿಸಲ್ಟು ಈ ನಂಬರಿನಿಂದ ಬರುತ್ತದೆ ಎಂದು ತಿಳಿಸಿ ಬಂದೆ. ಆಫ್ ಮಾಡಿ ಆನ್ ಮಾಡಿದೆವು. ಅದು ಎದ್ದು, ನೂರ ನಲವತ್ತಾರು ಯಾರಾದರೂ ಇದ್ದೀರಾ ಎಂದು ಕೇಳಿರಬೇಕು. ಯಾರೂ ಇರಲಿಲ್ಲ, ಅದು ಆಕೆಯದೇ. ಎರಡನೇ ಹೀಟಿನ ರಿಸಲ್ಟನ್ನು ಕಳಿಸಿದಳು. ಅಂಗಳದಾಚೆ ಪರದೆಯಲ್ಲಿ ಅಂಕಿ ಬದಲಾಯಿತು. ಪಕ್ಕದಲ್ಲೇ ಫೋನು ಆನ್ ಇತ್ತು. ನನ್ನ ಲ್ಯಾಪ್‌ಟಾಪಿನಿಂದ ಕೇಳಿದರೆ ಎಂಬತ್ತೇಳೂ ಉತ್ತರ ಕೊಡುತ್ತಿತ್ತು.

ಮ್ಯಾನೇಜರರಿಗೆ ಹೇಳಿದ್ದು ಆಮೇಲೆ. ನೀವು ಹೇಳಿದ್ದು ಸರಿ ಸರ್, ನೆಲ ಡೊಂಕಿರುವುದೂ ಸರಿ ಎಂದು ಶುರು ಮಾಡಿ ಎಲ್ಲ ಹೇಳಿದೆ. ಎರಡು ಕಡೆ ಒಂದೇ ನಂಬರು ಕೊಟ್ಟದ್ದು ಈ ಫೌಂಡ್ರಿಯೇ ಹೊರತು ಆಕೆಯಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ ಎಂದೂ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿರಬೇಕು. ಅವರು ವಾದಿಸಲಿಲ್ಲ. ಮೇಸ್ತ್ರಿಯ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು ಎಂದು ನನಗೆ ಗೊತ್ತಾದದ್ದು ಆಮೇಲೆ, ಭಾಯ್ ಹೇಳಿದಾಗ. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊಸಬರಿಗೆ ಫೋನ್ ಮಾಡಿ ಬರುವುದು ಬೇಡ ಎಂದರು. ಆಮೇಲೆ ಎದ್ದು ಫರ್ನೇಸಿನ ಹತ್ತಿರ ಹೋಗಿ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಆ ಹೀಟ್ ಕೆಟ್ಟದ್ದು ಲ್ಯಾಬ್‌ನಿಂದಲ್ಲ ಎಂದು ಹೇಳಿದರು. ಲ್ಯಾಬ್ ಒಳಗೆ ಹೋಗುವ ಧೈರ್ಯ ಮಾತ್ರ ಅವರಿಗೆ ಅಂದು ಬರಲಿಲ್ಲ.

ನಾನು ಸಾಮಾನು ಕಟ್ಟುವಾಗ ಆಕೆ ಉಗುರಿನಿಂದ ನಿಧಾನವಾಗಿ ಕಂಪ್ಯೂಟರಿನ ಡಬ್ಬಿಯ ಮೇಲಿನ ಸ್ಟಿಕರ್ ಬಿಡಿಸುತ್ತಿದ್ದಳು. ಹರಿಯದ ಹಾಗೆ ಬಿಡಿಸಿ ಅದನ್ನು ಫೋನಿನ ಬೆನ್ನಿಗೆ ಅಂಟಿಸಿದಳು.

ಇನ್ನು ತರುವುದಿಲ್ಲ ಎಂದಿದ್ದಳು, ಆದರೆ ತರುತ್ತಿದ್ದಳು. ಆ ಫೌಂಡ್ರಿಯ ಕೆಲಸ ನನಗೆ ಕಾಯಂ ಆಯಿತು. ಹೋದಾಗಲೆಲ್ಲ ಲ್ಯಾಪ್‌ಟಾಪ್ ತೆರೆದ ಕೂಡಲೇ ನಾನು ಮೊದಲು ಎಂಬತ್ತೇಳನ್ನು ಕೇಳುತ್ತಿದ್ದೆ. ಅದರಿಂದ ಕೆಲಸಕ್ಕೆ ಏನೂ ಆಗಬೇಕಿರಲಿಲ್ಲ. ಕೆಲವು ದಿನ ಬೆಳಗ್ಗೆ ಉತ್ತರ ಬರುತ್ತಿತ್ತು. ಓ, ಇವತ್ತು ಕಷ್ಟದ ದಿನ ಎಂದು ತಿಳಿದು ನಾನು ಲ್ಯಾಬ್ ಕಡೆ ಹೋಗಿ, ಚಹಾ ಕುಡಿಯೋಣ ಬನ್ನಿ ಎಂದು ಕರೆಯುತ್ತಿದ್ದೆ.

ಆಮೇಲೆ ಉತ್ತರ ಬರುವುದು ನಿಂತಿತು. ಮೊದಮೊದಲು ಒಳ್ಳೆಯದೇ ಆಯಿತು, ದುಃಖ ಕಡಿಮೆಯಾಗಿರಬೇಕು ಎಂದುಕೊಂಡೆ. ಒಂದು ದಿನ ಆಕೆಯೇ ಹೇಳಿದಳು. ಬ್ಯಾಟರಿ ಊದಿಕೊಂಡುಬಿಟ್ಟಿತಂತೆ. ಗಾಂಧಿ ಬಜಾರಿನ ರಿಪೇರಿಯವನು, ಈ ಮಾಡೆಲಿಗೆ ಬ್ಯಾಟರಿ ಈಗ ಬರುವುದಿಲ್ಲ, ಹೀಗೇ ಇಟ್ಟುಕೊಂಡರೆ ಅಪಾಯ ಎಂದನಂತೆ. ಫೋಟೋಗಳನ್ನು ಮಗಳು ಮೊದಲೇ ತೆಗೆದಿಟ್ಟಿದ್ದಳು. ಧ್ವನಿಯಲ್ಲಿ ಕೆಲವು ಬಂದವು, ಕೆಲವು ಬರಲಿಲ್ಲ. ಬಸ್ಸು ತಪ್ಪಿತು ಎನ್ನುವುದು ಬರಲಿಲ್ಲ ಮೇಡಂ ಎಂದಳು.

ಈ ವರ್ಷ ಫೌಂಡ್ರಿಗೆ ಕ್ಯಾಮೆರಾ ಹಾಕಿಸಿದರು. ಕ್ಯಾಮೆರಾ ಕೂರಿಸಲು ಬಂದವರು ಶಿವಮೊಗ್ಗದವರೇ, ನನಗೆ ಪರಿಚಯದವರು. ಪ್ರತಿ ಕ್ಯಾಮೆರಾಕ್ಕೂ ಒಂದು ಕಾಯಂ ನಂಬರು ಬೇಕಿತ್ತು. ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ಕೇಳುತ್ತ, ಯಾವುದು ಖಾಲಿ ಎಂದು ಹುಡುಕುತ್ತಿದ್ದರು. ಎಂಬತ್ತೇಳಕ್ಕೆ ಬಂದು ನಿಂತರು.

"ಫರ್ನೇಸ್ ಕ್ಯಾಮೆರಾಕ್ಕೆ ಇದನ್ನ ಕೊಡ್ತೀನಿ ಮೇಡಂ. ಪಿಂಗ್ ಮಾಡಿದ್ರೆ ಉತ್ತರಾನೇ ಇಲ್ಲ, ಖಾಲಿ ಇದೆ."

"ಉತ್ತರ ಇಲ್ಲ, ಅಷ್ಟೇ," ಎಂದೆ. "ಖಾಲಿ ಇಲ್ಲ."

ಅವರು ನನ್ನ ಮುಖ ನೋಡಿದರು. ಏಣಿ ಹಿಡಿದು ನಿಂತಿದ್ದ ಭಾಯ್ ಬೇರೆ ಕಡೆ ತಿರುಗಿಕೊಂಡರು. ನಾನು ಕ್ಯಾಮೆರಾಕ್ಕೆ ನೂರ ಅರವತ್ತನ್ನು ಬರೆದುಕೊಟ್ಟೆ.